ಗೆಣಸಿಗೆ ಹುಳು ಬೀಳದ ತಳಿ ಇದೆಯಾ?

ಗೆಣಸು ಬೆಳೆಯುವವರು ಕೀಟದ ಬಗ್ಗೆ ಕೇಳುವ ಮೊದಲ ಪ್ರಶ್ನೆ ಇದೇ. ಮೂತಿ ಹುಳು ಮುಟ್ಟದ ತಳಿ ಇದ್ದರೆ ಹೇಳಿ, ಅದನ್ನೇ ನೆಡುತ್ತೇವೆ ಅಂತಾರೆ. ಹುಳು ಒಂದಿಷ್ಟೂ ಮುಟ್ಟದ ತಳಿ ಇವತ್ತಿಗೂ ಬಂದಿಲ್ಲ. ಕಡಿಮೆ ಮುಟ್ಟುವ ತಳಿಗಳು ಮಾತ್ರ ಇವೆ. ಇಷ್ಟು ಕೇಳಿದ ಕೂಡಲೇ ಹೆಚ್ಚಿನವರಿಗೆ ಆಸಕ್ತಿ ಹೊರಟುಹೋಗುತ್ತದೆ. ಹಾಗೆ ಆಗಬಾರದು. ಈ ‘ಕಡಿಮೆ’ ಹೇಗೆ ಕೆಲಸ ಮಾಡುತ್ತದೆ ಅಂತ ಒಮ್ಮೆ ಅರ್ಥವಾದರೆ, ಅದರಿಂದ ಎಷ್ಟು ದೊಡ್ಡ ಲಾಭ ಇದೆ ಅನ್ನುವುದೂ ಗೊತ್ತಾಗುತ್ತದೆ. ಅದು ಯಾವಾಗ ಕೈಕೊಡುತ್ತದೆ ಅನ್ನುವುದೂ ಗೊತ್ತಾಗುತ್ತದೆ.

ಮೊದಲು ಹುಳುವನ್ನು ನೋಡೋಣ. ಗೆಣಸಿಗೆ ಬರುವ ಕೀಟಗಳು ಬಹಳ ಇದ್ದರೂ ಇದರಷ್ಟು ಹಾಳು ಮಾಡುವುದು ಇನ್ನೊಂದಿಲ್ಲ. ಏಷ್ಯಾ, ಪೆಸಿಫಿಕ್ ದ್ವೀಪಗಳು, ಅಮೆರಿಕ ಖಂಡಗಳ ಬೆಚ್ಚನೆಯ ಭಾಗಗಳಲ್ಲಿ ಇರುವುದು ಸೈಲಸ್ ಫಾರ್ಮಿಕೇರಿಯಸ್ ಅನ್ನುವ ಜಾತಿ. ಆಫ್ರಿಕಾದಲ್ಲಿ ಇದರ ಇಬ್ಬರು ದಾಯಾದಿಗಳಿದ್ದಾರೆ: ಸೈಲಸ್ ಪಂಕ್ಟಿಕೋಲಿಸ್ ಮತ್ತು ಸೈಲಸ್ ಬ್ರೂನಿಯಸ್. ಫಾರ್ಮಿಕೇರಿಯಸ್ ಅನ್ನು ಥಟ್ಟನೆ ನೋಡಿದರೆ ಇರುವೆ ಅಂದುಕೊಳ್ಳುತ್ತೀರಿ. ಉದ್ದ ಆರರಿಂದ ಎಂಟು ಮಿಲಿಮೀಟರ್. ಹೊಟ್ಟೆಯ ಭಾಗ ಹೊಳೆಯುವ ಕಡುನೀಲಿ, ಕತ್ತು ಮತ್ತು ಕಾಲು ಕೆಂಪು. ಮುಂದೆ ಉದ್ದನೆಯ ಮೂತಿ. ಗಂಡು ಹೆಣ್ಣು ಗುರುತಿಸಲು ಮೀಸೆಯ ತುದಿ ನೋಡಿದರೆ ಸಾಕು. ಗಂಡಿನದು ನೇರ ಕಡ್ಡಿಯ ಹಾಗೆ ಉದ್ದ, ಹೆಣ್ಣಿನದು ಗಿಡ್ಡ, ತುದಿಯಲ್ಲಿ ದುಂಡಗೆ ದಪ್ಪ. ಹಗಲು ಎಲೆ, ಹೆಂಟೆಗಳ ಕೆಳಗೆ ಅಡಗಿರುತ್ತದೆ. ಓಡಾಟವೆಲ್ಲ ರಾತ್ರಿ.

ಹೆಣ್ಣು ಮೊಟ್ಟೆ ಇಡುವ ರೀತಿ ತಿಳಿದುಕೊಂಡರೆ ತಳಿಯ ವಿಚಾರ ಅರ್ಧ ಅರ್ಥವಾದ ಹಾಗೆ. ಅದು ಗೆಣಸಿನ ಸಿಪ್ಪೆಯ ಮೇಲೆ ಅಥವಾ ಬಳ್ಳಿಯ ಬುಡದಲ್ಲಿ ಮೂತಿಯಿಂದ ಕಚ್ಚಿ ಕಚ್ಚಿ ಒಂದು ಸಣ್ಣ ಗುಳಿ ತೋಡುತ್ತದೆ. ಆಮೇಲೆ ತಿರುಗಿ ಗುಳಿಯೊಳಗೆ ಒಂದೇ ಒಂದು ಮೊಟ್ಟೆ ಇಡುತ್ತದೆ. ಮೇಲೆ ತನ್ನ ಹಿಕ್ಕೆಯಿಂದಲೇ ಬಿರಡೆ ಹಾಕುತ್ತದೆ. ಒಳಗಿನ ಮೊಟ್ಟೆ ಒಣಗುವುದಿಲ್ಲ, ಸಣ್ಣಪುಟ್ಟ ಕೀಟಗಳಿಗೂ ಸುಲಭವಾಗಿ ಸಿಗುವುದಿಲ್ಲ. ಗೆಣಸನ್ನು ತೊಳೆದು ಬೆಳಕಿಗೆ ಹಿಡಿದು ನೋಡಿ. ಬರೀ ತಿಂದ ತೂತು ತೆರೆದಿರುತ್ತದೆ, ಕೊಂಚ ಆಳವಾಗಿರುತ್ತದೆ. ಮೊಟ್ಟೆ ಇಟ್ಟ ತೂತಿನ ಬಾಯಲ್ಲಿ ಕಪ್ಪನೆಯ ಬಿರಡೆ ಕಾಣುತ್ತದೆ. ಹೀಗೆ ಒಂದೊಂದಾಗಿ ಒಂದು ಹೆಣ್ಣು ತನ್ನ ಎರಡು ಮೂರು ತಿಂಗಳ ಆಯುಸ್ಸಿನಲ್ಲಿ ನೂರರ ಆಸುಪಾಸು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಮೊಟ್ಟೆ ಇಡುತ್ತದೆ.

ಮೊಟ್ಟೆ ಒಡೆದು ಬರುವುದು ಕಾಲಿಲ್ಲದ ಬಿಳಿ ಮರಿಹುಳು. ಅದು ಗೆಣಸಿನೊಳಗೇ ಸುರಂಗ ಕೊರೆಯುತ್ತಾ, ಹಿಂದೆ ಹಿಕ್ಕೆ ತುಂಬುತ್ತಾ ಬೆಳೆಯುತ್ತದೆ. ಕೋಶವಾಗುವುದೂ ಒಳಗೇ. ಬೆಚ್ಚನೆ ಹವೆಯಲ್ಲಿ ಮೊಟ್ಟೆಯಿಂದ ದೊಡ್ಡ ಹುಳುವಾಗಲು ಒಂದು ತಿಂಗಳ ಮೇಲೆ ಕೆಲವು ದಿನ ಸಾಕು. ನಾಲ್ಕೈದು ತಿಂಗಳ ಬೆಳೆಯಲ್ಲಿ ಮೂರು ತಲೆಮಾರು ಸಲೀಸಾಗಿ ಆಗಿಹೋಗುತ್ತವೆ. ಇಷ್ಟು ದಿನವೂ ಹುಳು ಇರುವುದು ಗೆಣಸಿನ ಒಳಗೆ. ಮೇಲಿಂದ ಸಿಂಪಡಿಸಿದ ಔಷಧ ಅದಕ್ಕೆ ತಾಗುವುದು ಹೇಗೆ? ಸಿಂಪಡಣೆಯನ್ನೇ ನಂಬಿದವರಿಗೆ ಸೋಲಾಗುವುದು ಇದೇ ಕಾರಣಕ್ಕೆ.

ಹುಳು ತಿಂದದ್ದು ಸ್ವಲ್ಪವೇ ಆದರೂ ಗೆಣಸು ಕೆಟ್ಟಂತೆಯೇ. ಗಾಯವಾದ ಗೆಣಸು ತನ್ನನ್ನು ಉಳಿಸಿಕೊಳ್ಳಲು ಇಪೋಮಿಯಮರೋನ್ ಮುಂತಾದ ಟರ್ಪಿನಾಯ್ಡ್‌ಗಳನ್ನು ತಯಾರಿಸುತ್ತದೆ. ಇವು ಕಹಿ, ಜೊತೆಗೆ ಗಬ್ಬು ವಾಸನೆ. ಬೇಯಿಸಿದರೂ ಆ ಕಹಿ ಹೋಗುವುದಿಲ್ಲ. ಹುಳು ಬಿದ್ದು ಬೂಷ್ಟು ಹಿಡಿದ ಗೆಣಸನ್ನು ದನಗಳಿಗೂ ಹಾಕಬಾರದು. ಬೂಷ್ಟು ಸೇರಿದಾಗ ಹುಟ್ಟುವ ಕೆಲವು ವಿಷಗಳು ದನಗಳ ಶ್ವಾಸಕೋಶವನ್ನೇ ಹಾಳು ಮಾಡುತ್ತವೆ, ಸಾಯಿಸಿಯೂ ಬಿಡುತ್ತವೆ. ಮನುಷ್ಯರಿಗೆ ಬೇಡವಾದದ್ದು ಜಾನುವಾರಿಗಾದರೂ ಆಗಲಿ ಅಂತ ಸುಮ್ನೆ ಎಸೆಯುವ ಅಭ್ಯಾಸ ಇದ್ದರೆ ದಯವಿಟ್ಟು ಬಿಡಬೇಕು.

ಇಷ್ಟೆಲ್ಲ ಬಲಶಾಲಿಯಾದ ಈ ಹುಳುವಿಗೆ ಒಂದು ದೊಡ್ಡ ಕೊರತೆ ಇದೆ. ಅದಕ್ಕೆ ಮಣ್ಣು ತೋಡಲು ಬರುವುದಿಲ್ಲ. ಗೆಣಸನ್ನು ಮುಟ್ಟಬೇಕಾದರೆ ಮಣ್ಣಿನ ಬಿರುಕು ಬೇಕು, ಇಲ್ಲವೇ ಗೆಣಸೇ ಮೇಲೆ ತಲೆ ಹಾಕಿರಬೇಕು. ನೀರಿಲ್ಲದೆ ನೆಲ ಬಿರಿದಾಗ ಹಾನಿ ಏಕಾಏಕಿ ಏರುವುದು ಇದಕ್ಕೇ. ಗೆಣಸು ದಪ್ಪವಾಗುತ್ತಾ ಮಣ್ಣನ್ನು ತಳ್ಳಿ ಬುಡದ ಸುತ್ತ ತಾನೇ ಬಿರುಕು ಮಾಡಿಕೊಡುತ್ತದೆ ಅನ್ನುವುದನ್ನೂ ನೆನಪಿಡಿ.

ಈಗ ತಳಿಗೆ ಬರೋಣ. ಒಂದು ಹೊಲದಲ್ಲಿ ಎರಡು ತಳಿ ಅಕ್ಕಪಕ್ಕ ನೆಟ್ಟಿದ್ದಾರೆ ಅಂದುಕೊಳ್ಳಿ. ಒಂದರಲ್ಲಿ ಹುಳು ಜಾಸ್ತಿ, ಇನ್ನೊಂದರಲ್ಲಿ ಕಡಿಮೆ. ಎರಡನೆಯದು ನಿರೋಧಕ ತಳಿ ಅಂತ ಹೇಳಿಬಿಡಬಹುದಾ? ಹೇಳಲಾಗದು. ಆ ತಳಿಯ ಗೆಣಸು ಆಳದಲ್ಲಿ ಕಟ್ಟಿರಬಹುದು. ಅಥವಾ ಬೇಗ ಬಲಿತು ಹುಳು ಹೆಚ್ಚುವ ಮೊದಲೇ ಕೀಳಲು ಸಿಕ್ಕಿರಬಹುದು. ಅಥವಾ ಬುಡದ ಹತ್ತಿರ ಗೊಂಚಲಾಗಿ ಕಟ್ಟದೆ, ಉದ್ದ ತೊಟ್ಟಿನ ತುದಿಯಲ್ಲಿ ಬಿರುಕಿನಿಂದ ದೂರ ಕಟ್ಟಿರಬಹುದು. ಇವು ಯಾವುವೂ ಹುಳುವನ್ನು ತಡೆದಿಲ್ಲ, ಹುಳುವಿನ ಕೈಗೆ ಸಿಗದೆ ತಪ್ಪಿಸಿಕೊಂಡಿವೆ ಅಷ್ಟೇ. ತಪ್ಪಿಸಿಕೊಳ್ಳುವ ಗುಣ ಕೂಡ ಬೆಳೆಗಾರನಿಗೆ ಲಾಭವೇ, ಅದನ್ನು ಕಡೆಗಣಿಸಬೇಕಿಲ್ಲ. ಆದರೆ ಅದು ನೆಲ ಮತ್ತು ಕಾಲದ ಮೇಲೆ ನಿಂತಿರುತ್ತದೆ. ಜೇಡಿಮಣ್ಣಿಗೆ ಹೋದರೆ, ಕೀಳುವುದು ಒಂದು ತಿಂಗಳು ತಡವಾದರೆ ಆ ಲಾಭ ಹೋಯಿತು.

ನಿಜವಾದ ನಿರೋಧಕ ಗುಣ ಗಿಡದ ಮೈಯಲ್ಲೇ ಇರಬೇಕು. ಅಮೆರಿಕದ ಕೀಟಶಾಸ್ತ್ರಜ್ಞ ರೆಜಿನಾಲ್ಡ್ ಪೇಂಟರ್ 1951ರಲ್ಲಿ ಇದನ್ನು ಮೂರು ಬಗೆಯಾಗಿ ವಿಂಗಡಿಸಿದರು. ಇವತ್ತಿಗೂ ಎಲ್ಲರೂ ಅದನ್ನೇ ಬಳಸುತ್ತಾರೆ. ಹುಳುವಿಗೆ ಆ ಗಿಡ ಇಷ್ಟವಾಗದೆ ಇರುವುದು ಒಂದು. ತಿಂದರೂ, ಮೊಟ್ಟೆ ಇಟ್ಟರೂ ಮರಿ ಸರಿಯಾಗಿ ಬೆಳೆಯದೆ ಸಾಯುವುದು ಇನ್ನೊಂದು. ತಿನ್ನಿಸಿಕೊಂಡೂ ಇಳುವರಿ ಕೊಡುವ ಸಹನೆ ಮೂರನೆಯದು. ಮೂತಿ ಹುಳುವಿನ ವಿಷಯದಲ್ಲಿ ಈ ಮೂರನೆಯದು ಉಪಯೋಗಕ್ಕೆ ಬರುವುದಿಲ್ಲ, ಯಾಕೆಂದರೆ ಸ್ವಲ್ಪ ತಿಂದರೂ ಗೆಣಸು ಕಹಿ. ಉಳಿದದ್ದು ಮೊದಲೆರಡು.

ಮೊದಲೆರಡನ್ನು ಬೇರೆ ಬೇರೆ ಮಾಡಿ ನೋಡಲು ಒಂದು ಸರಳ ಪರೀಕ್ಷೆ ಇದೆ. ಒಂದು ಡಬ್ಬಿಯಲ್ಲಿ ಹಲವು ತಳಿಗಳ ಗೆಣಸು ಒಟ್ಟಿಗೆ ಇಟ್ಟು ಹುಳು ಬಿಡುತ್ತಾರೆ. ಇಲ್ಲಿ ಹುಳುವಿಗೆ ಆಯ್ಕೆ ಇದೆ. ಇನ್ನೊಂದು ಡಬ್ಬಿಯಲ್ಲಿ ಒಂದೇ ತಳಿ ಇಟ್ಟು ಹುಳು ಬಿಡುತ್ತಾರೆ. ಇಲ್ಲಿ ಬೇರೆ ದಾರಿ ಇಲ್ಲ. ಆಯ್ಕೆ ಇದ್ದಾಗ ಹುಳು ಬಿಟ್ಟುಹೋದ ಎಷ್ಟೋ ತಳಿಗಳು ಆಯ್ಕೆ ಇಲ್ಲದಾಗ ಚೆನ್ನಾಗಿ ತಿನ್ನಿಸಿಕೊಳ್ಳುತ್ತವೆ. ಹೊಲವೆಲ್ಲ ಆ ಒಂದೇ ತಳಿ ನೆಟ್ಟರೆ ಆಗುವುದೂ ಅದೇ. ನನ್ನ ಪ್ರಕಾರ ನಿರೋಧಕ ಅನ್ನಿಸಿಕೊಂಡ ತಳಿಯ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ ಇದು: ಪರೀಕ್ಷೆಯಲ್ಲಿ ಹುಳುವಿಗೆ ಆಯ್ಕೆ ಇತ್ತಾ, ಇರಲಿಲ್ವಾ?

ಈ ಪರೀಕ್ಷೆಗಳಲ್ಲಿ ಗಟ್ಟಿಯಾಗಿ ನಿಂತ ಉದಾಹರಣೆ ಉಗಾಂಡದ ನ್ಯೂ ಕವೋಗೊ ಅನ್ನುವ ತಳಿ. ಅಲ್ಲಿ ನಾಸ್ಪಾಟ್ 1 ಅನ್ನುವ ಇನ್ನೊಂದು ತಳಿಗೆ ಹುಳು ಸುಲಭವಾಗಿ ಬೀಳುತ್ತದೆ. ಎರಡನ್ನೂ ಹೋಲಿಸಿದಾಗ ನ್ಯೂ ಕವೋಗೊ ಮೇಲೆ ಹುಳು ತಿಂದದ್ದೂ ಕಡಿಮೆ, ಮೊಟ್ಟೆ ಇಟ್ಟದ್ದೂ ಕಡಿಮೆ, ಒಳಗಿಂದ ದೊಡ್ಡ ಹುಳುವಾಗಿ ಹೊರಬಂದದ್ದೂ ಕಡಿಮೆ. ಯಾಕೆ ಅಂತ ಹುಡುಕಿದಾಗ ಸಿಕ್ಕಿದ್ದು ಹೈಡ್ರಾಕ್ಸಿಸಿನ್ನಮಿಕ್ ಆಮ್ಲದ ಎಸ್ಟರ್‌ಗಳು. ಹೆಸರು ಬಾಯಲ್ಲಿ ಹೊರಳುವುದು ಕಷ್ಟ, ವಿಷಯ ಸುಲಭ. ಗೆಣಸನ್ನು ಮುರಿದಾಗ ಹಾಲಿನಂಥ ಸೊನೆ ಒಸರುತ್ತದಲ್ಲ, ಆ ಸೊನೆಯಲ್ಲಿ ಮತ್ತು ಗೆಣಸಿನ ಹೊರಮೈಯಲ್ಲಿ ಇರುವ ಮೇಣದಂಥ ಪದಾರ್ಥಗಳು ಇವು. ನಿರೋಧಕ ತಳಿಯಲ್ಲಿ ಇವುಗಳ ಪ್ರಮಾಣ ಜಾಸ್ತಿ. ಇದೇ ಪದಾರ್ಥಗಳನ್ನು ಮರಿಹುಳುಗಳ ಆಹಾರದಲ್ಲಿ ಬೆರೆಸಿ ಕೊಟ್ಟು ನೋಡಿದಾಗ, ಪ್ರಮಾಣ ಏರಿದಷ್ಟೂ ಸಾಯುವ ಮರಿಗಳು ಹೆಚ್ಚಾದವು, ಉಳಿದವು ನಿಧಾನವಾಗಿ ಬೆಳೆದವು. ಅಂದರೆ ಹುಳು ಆ ಗೆಣಸಿನ ಹತ್ತಿರ ಹೋಗಿರಲಿಲ್ಲ ಅನ್ನುವ ಅನುಮಾನಕ್ಕೆ ಇಲ್ಲಿ ಜಾಗ ಇಲ್ಲ. ಹೋಗಿ, ಕಚ್ಚಿ, ಸೋತಿದೆ.

ಇಂಥದ್ದೇ ಕೆಲಸ ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಚಾರ್ಲ್ಸ್‌ಟನ್‌ನಲ್ಲಿ ನಡೆಯಿತು. ಅಲ್ಲಿನ ಸರ್ಕಾರಿ ತರಕಾರಿ ಪ್ರಯೋಗಾಲಯದವರ ತಲೆನೋವು ತಂತಿಹುಳು, ಗೊಣ್ಣೆಹುಳು ಮುಂತಾದ ಮಣ್ಣಿನ ಹುಳುಗಳು. 1980ರ ದಶಕದಲ್ಲಿ ಅವರು ರೆಸಿಸ್ಟೊ, ರೀಗಲ್ ಅನ್ನುವ ತಳಿಗಳನ್ನು ಬಿಡುಗಡೆ ಮಾಡಿದರು. ರೀಗಲ್ ಗೆಣಸಿನ ಸಿಪ್ಪೆಯಲ್ಲಿ ರೆಸಿನ್ ಗ್ಲೈಕೋಸೈಡ್ ಅನ್ನುವ ಅಂಟಿನಂಥ ಪದಾರ್ಥ ಇದೆ. ಕೀಟಗಳ ಮರಿಗೆ ತಿನ್ನಿಸಿದರೆ ಅವುಗಳ ಬೆಳವಣಿಗೆ ಕುಗ್ಗುತ್ತದೆ. ಎರಡೂ ಕಡೆ ಕಾವಲು ಇರುವುದು ಹೊರಮೈಯಲ್ಲಿ, ಅಲ್ವಾ? ನಾವು ತಿನ್ನುವ ತಿರುಳಿನಲ್ಲಿ ಅಲ್ಲ. ತಳಿ ತಜ್ಞರಿಗೆ ಇದು ಬಹಳ ಸಮಾಧಾನದ ಸಂಗತಿ. ಹುಳುವಿಗೆ ಬೇಡವಾದ ಗುಣವನ್ನು ಸಿಪ್ಪೆಯಲ್ಲಿ ಹೆಚ್ಚಿಸುತ್ತಲೇ ತಿರುಳಿನ ರುಚಿಯನ್ನು ಕಾಪಾಡಿಕೊಳ್ಳಬಹುದು.

ಸರಿ, ನ್ಯೂ ಕವೋಗೊಗೂ ಹುಳು ಬೀಳುತ್ತದೆ, ಕಡಿಮೆ ಬೀಳುತ್ತದೆ ಅಷ್ಟೇ. ಈ ‘ಅಷ್ಟೇ’ ಎಷ್ಟು ಅಂತ ಒಂದು ಲೆಕ್ಕ ಹಾಕೋಣ. ಇದು ಬರೀ ಉದಾಹರಣೆಯ ಲೆಕ್ಕ. ಮಾಮೂಲಿ ತಳಿಯಲ್ಲಿ ಒಂದು ಹೆಣ್ಣು ಹುಳುವಿನಿಂದ ಮುಂದಿನ ತಲೆಮಾರಿಗೆ ಹತ್ತು ಹೆಣ್ಣು ಉಳಿಯುತ್ತವೆ ಅನ್ನಿ. ಮೂರು ತಲೆಮಾರಿಗೆ ಒಂದು ಹೆಣ್ಣು ಸಾವಿರವಾಗುತ್ತದೆ. ಈಗ ಮಧ್ಯಮ ನಿರೋಧಕ ಗುಣದ ತಳಿ ತಗೊಳ್ಳಿ. ಇಡುವ ಮೊಟ್ಟೆ ನೂರಕ್ಕೆ ಮೂವತ್ತು ಕಡಿಮೆ. ಹುಟ್ಟಿದ ಮರಿಗಳಲ್ಲಿ ಬದುಕುವುದೂ ನೂರಕ್ಕೆ ಮೂವತ್ತು ಕಡಿಮೆ. ಹತ್ತು ಇದ್ದದ್ದು ಸುಮಾರು ಐದಕ್ಕೆ ಇಳಿಯಿತು. ಮೂರು ತಲೆಮಾರಿಗೆ ಅದು ಸುಮಾರು 120. ಸಾವಿರ ಎಲ್ಲಿ, 120 ಎಲ್ಲಿ! ಒಂದು ತಲೆಮಾರು ನೋಡಿದರೆ ಸಣ್ಣದಾಗಿ ಕಾಣುವ ವ್ಯತ್ಯಾಸ, ಕೀಳುವ ಹೊತ್ತಿಗೆ ಎಂಟು ಪಟ್ಟಾಗಿದೆ. ಮರಿಗಳು ನಿಧಾನವಾಗಿ ಬೆಳೆಯುವುದರಿಂದ ಮೂರನೆಯ ತಲೆಮಾರು ಪೂರ್ತಿಯಾಗದೆಯೇ ಕೊಯ್ಲು ಬಂದರೆ ಲಾಭ ಇನ್ನೂ ಜಾಸ್ತಿ.

ಈ ಲೆಕ್ಕದಲ್ಲಿ ಒಂದು ಷರತ್ತು ಅಡಗಿದೆ. ಹುಳು ಹೊರಗಿಂದ ಬರುತ್ತಲೇ ಇದ್ದರೆ ಲೆಕ್ಕ ಕೆಡುತ್ತದೆ. ಪಕ್ಕದಲ್ಲಿ ಹಳೆಯ ಗೆಣಸಿನ ಕೂಳೆ ಹಾಗೇ ಬಿಟ್ಟಿದ್ದರೆ, ಅಲ್ಲಿಂದ ನೂರಾರು ದೊಡ್ಡ ಹುಳುಗಳು ನೇರವಾಗಿ ಬಂದು ಇಳಿದರೆ, ತಳಿಯ ನಿಧಾನದ ಕೆಲಸಕ್ಕೆ ಬೆಲೆಯೇ ಇರುವುದಿಲ್ಲ. ‘ನಿರೋಧಕ ತಳಿ ನೆಟ್ಟೆವು, ಏನೂ ಆಗಲಿಲ್ಲ’ ಅನ್ನುವ ದೂರುಗಳ ಹಿಂದೆ ಬಹಳ ಸಲ ಇರುವುದು ಇದೇ.

ಇಷ್ಟೊಂದು ಉಪಯೋಗ ಇದ್ದರೆ ಇನ್ನೂ ಗಟ್ಟಿಯಾದ ತಳಿಗಳನ್ನು ಯಾಕೆ ತಂದಿಲ್ಲ? ಪ್ರಯತ್ನ ಕಡಿಮೆಯೇನೂ ಆಗಿಲ್ಲ. ತೈವಾನಿನಲ್ಲಿರುವ ವಿಶ್ವ ತರಕಾರಿ ಕೇಂದ್ರದವರು ನೂರಾರು ತಳಿಗಳನ್ನು ಸಾಲಾಗಿ ಪರೀಕ್ಷಿಸಿದರು. ಒಂದು ಹಂಗಾಮಿನಲ್ಲಿ ಚೆನ್ನಾಗಿ ನಿಂತದ್ದು ಮುಂದಿನ ಹಂಗಾಮಿನಲ್ಲಿ ನಿಲ್ಲಲಿಲ್ಲ. ಇದಕ್ಕೆ ಒಂದು ಕಾರಣ ಹುಳುವಿನ ಸ್ವಭಾವದಲ್ಲೇ ಇದೆ. ಅದು ಹೊಲದ ಎಲ್ಲ ಕಡೆ ಸಮನಾಗಿ ಹರಡುವುದಿಲ್ಲ. ಇಲ್ಲೊಂದು ಗುಂಪು, ಅಲ್ಲೊಂದು ಗುಂಪು. ಗುಂಪಿನಿಂದ ದೂರ ಬಿದ್ದ ತಳಿ ಪರೀಕ್ಷೆಯಲ್ಲಿ ಸುಲಭವಾಗಿ ಗೆದ್ದುಬಿಡುತ್ತದೆ. ಆ ಗೆಲುವು ಜಾಗದ್ದೇ ಹೊರತು ತಳಿಯದಲ್ಲ.

ಇನ್ನೊಂದು ಕಾರಣ ಗೆಣಸಿನ ವಂಶವಾಹಿಯಲ್ಲಿದೆ. ನಮ್ಮಲ್ಲಿ ಪ್ರತಿ ವರ್ಣತಂತುವಿಗೆ ಎರಡು ಪ್ರತಿ. ಗೆಣಸಿನಲ್ಲಿ ಆರು ಪ್ರತಿ, ಒಟ್ಟು 90 ವರ್ಣತಂತುಗಳು. ಸಾಲದ್ದಕ್ಕೆ ಬಹುತೇಕ ತಳಿಗಳಲ್ಲಿ ತನ್ನದೇ ಪರಾಗದಿಂದ ಬೀಜ ಕಟ್ಟುವುದಿಲ್ಲ. ಎರಡು ತಳಿಗಳನ್ನು ಕೂಡಿಸಿದರೆ ಹುಟ್ಟುವ ಸಸಿಗಳು ಒಂದೊಂದೂ ಒಂದೊಂದು ಥರ. ಹುಳು ತಡೆಯುವ ಗುಣವೋ ಒಂದೇ ವಂಶವಾಹಿಯದಲ್ಲ, ಹಲವು ಸೇರಿ ಆಗುವಂಥದ್ದು. ಅದು ಬಂದ ಸಸಿಯಲ್ಲಿ ಇಳುವರಿ ಇರುವುದಿಲ್ಲ, ಇಳುವರಿ ಬಂದದ್ದರಲ್ಲಿ ರುಚಿ ಇರುವುದಿಲ್ಲ. ಸಾವಿರಾರು ಸಸಿಗಳಲ್ಲಿ ಹುಡುಕಬೇಕು. ಒಂದು ಅನುಕೂಲ ಮಾತ್ರ ಇದೆ. ಒಳ್ಳೆಯ ಒಂದು ಗಿಡ ಸಿಕ್ಕಿಬಿಟ್ಟರೆ ಸಾಕು, ಬಳ್ಳಿ ಕತ್ತರಿಸಿ ನೆಡುತ್ತಾ ಹೋದರೆ ಅದೇ ಗುಣ ಹಾಗೇ ಮುಂದುವರಿಯುತ್ತದೆ. ಉಗಾಂಡದಲ್ಲಿ ನ್ಯೂ ಕವೋಗೊವನ್ನು ಅಮೆರಿಕದ ಬ್ಯೂರಿಗಾರ್ಡ್ ತಳಿಯೊಂದಿಗೆ ಕೂಡಿಸಿ, ಹುಟ್ಟಿದ ಸಸಿಗಳಲ್ಲಿ ನಿರೋಧಕ ಗುಣದ ಜೊತೆ ಸಾಗುವ ಡಿಎನ್ಎ ಗುರುತುಗಳನ್ನು ಹುಡುಕಿದ್ದಾರೆ. ಅಂಥ ಗುರುತು ನಂಬುವಂತಾದರೆ, ಹುಳು ಬೀಳುವವರೆಗೆ ಕಾಯದೆ ಎಳೆಯ ಎಲೆಯಲ್ಲೇ ಸಸಿಯನ್ನು ಆರಿಸಬಹುದು. ನನಗೆ ಹೆಚ್ಚು ಭರವಸೆ ಇರುವುದು ಈ ದಾರಿಯಲ್ಲಿ.

ವಂಶವಾಹಿ ಸೇರಿಸುವ ಅಡ್ಡದಾರಿಯನ್ನೂ ಹಿಡಿದು ನೋಡಿದ್ದಾರೆ. ಹತ್ತಿಯಲ್ಲಿ ಕೆಲಸ ಮಾಡಿದ ಬಿಟಿ ಪ್ರೋಟೀನಿನ ಜಾತಿಯದೇ ಪ್ರೋಟೀನುಗಳನ್ನು ಗೆಣಸಿಗೆ ಸೇರಿಸಿದರು. ಪ್ರಯೋಗಾಲಯದ ಆಹಾರದಲ್ಲಿ ಅವು ಹುಳುಗಳನ್ನು ಕೊಂದವು. ಹೊಲದ ಗೆಣಸಿನಲ್ಲಿ ಆ ಫಲ ಸಿಗಲಿಲ್ಲ.

ಮೂತಿ ಹುಳು ಬಿಟ್ಟು ಉಳಿದ ಕೀಟಗಳ ವಿಚಾರ ಬೇಗ ಮುಗಿಸಬಹುದು. ಆಮೆಯ ಚಿಪ್ಪಿನಂಥ ಬೆನ್ನಿನ ಆಮೆದುಂಬಿಗಳು, ಬೆರಳಿನಷ್ಟು ದಪ್ಪ ಬೆಳೆಯುವ ಕೊಂಬಿನ ಹುಳು ಎಲೆ ತಿನ್ನುತ್ತವೆ. ನೋಡಲು ಭಯ ಹುಟ್ಟಿಸುತ್ತವೆ. ಆದರೆ ಗೆಣಸಿನ ಬಳ್ಳಿ ಎಲೆಯನ್ನು ಬೇಗ ತುಂಬಿಕೊಳ್ಳುತ್ತದೆ. ನೆಟ್ಟ ಹೊಸತರಲ್ಲಿ ಬಿಟ್ಟರೆ ಇವಕ್ಕೆ ಹೆದರಿ ಔಷಧ ಹೊಡೆಯಬೇಕಾದ ಸಂದರ್ಭ ಕಡಿಮೆ. ಪೇಂಟರ್ ಹೇಳಿದ ಸಹನೆಯ ಗುಣ ಇಲ್ಲಿ ಚೆನ್ನಾಗಿ ಕಾಣುತ್ತದೆ. ಕಾಂಡ ಕೊರಕ ಬಂದ ಕಡೆ ಬುಡ ಉಬ್ಬಿ, ಗೆಣಸು ಕಟ್ಟುವುದು ಕುಂಠಿತವಾಗುತ್ತದೆ. ಅದು ಏಷ್ಯಾದ ಕೆಲವು ಭಾಗಗಳಲ್ಲಿ ಹೆಚ್ಚು.

ಬಿಳಿನೊಣ ಮತ್ತು ಸಸ್ಯಹೇನುಗಳನ್ನು ಮಾತ್ರ ಹೀಗೆ ಬಿಟ್ಟುಬಿಡಲು ಬರುವುದಿಲ್ಲ. ಇವು ಹೀರುವ ರಸಕ್ಕಿಂತ ಹರಡುವ ವೈರಸ್ ದೊಡ್ಡ ಸಮಸ್ಯೆ. ಹೇನು ತರುವ ವೈರಸ್ ಒಂಟಿಯಾಗಿ ಬಂದರೆ ಅನೇಕ ತಳಿಗಳಲ್ಲಿ ರೋಗದ ಲಕ್ಷಣವೇ ಕಾಣುವುದಿಲ್ಲ, ಗಿಡ ಅದನ್ನು ಅದುಮಿಡುತ್ತದೆ. ಬಿಳಿನೊಣ ತರುವ ಇನ್ನೊಂದು ವೈರಸ್ ಜೊತೆಗೂಡಿತು ಅನ್ನಿ, ಅದು ಗಿಡದ ರಕ್ಷಣೆಯನ್ನೇ ಮುರಿಯುತ್ತದೆ. ಆಗ ಮೊದಲನೆಯ ವೈರಸ್ ಮಿತಿಮೀರಿ ಹೆಚ್ಚುತ್ತದೆ. ಎಲೆ ಕಿರಿದಾಗಿ ಸುರುಟಿ, ಗಿಡ ಗಿಡ್ಡಗೆ ನಿಂತು, ಇಳುವರಿ ಅರ್ಧಕ್ಕಿಂತಲೂ ಕೆಳಗೆ ಬೀಳಬಹುದು. ಆದ್ದರಿಂದ ಒಂದೇ ವೈರಸ್‌ಗೆ ನಿರೋಧಕ ಅಂತ ಹೇಳುವ ತಳಿ, ಎರಡೂ ಇರುವ ಕಡೆ ನಂಬಿಕೆಗೆ ಅರ್ಹವಲ್ಲ. ಇಲ್ಲೂ ಬಳ್ಳಿಯ ಆಯ್ಕೆಯೇ ಮುಖ್ಯ. ರೋಗದ ಗಿಡದಿಂದ ಕತ್ತರಿಸಿದ ಬಳ್ಳಿ ರೋಗವನ್ನೂ ಹೊತ್ತೇ ಬರುತ್ತದೆ.

ತಳಿಗೆ ಬೆಂಬಲವಾಗಿ ಹೊಲದಲ್ಲಿ ಮಾಡುವ ಕೆಲಸಗಳಲ್ಲಿ ನಾನು ಮೊದಲಿಗೆ ಇಡುವುದು ಬುಡಕ್ಕೆ ಮಣ್ಣು ಏರಿಸುವುದನ್ನು. ಗೆಣಸು ದಪ್ಪವಾಗತೊಡಗಿದ ಮೇಲೆ ಬಿರುಕು ಕಂಡಲ್ಲೆಲ್ಲ ಮಣ್ಣು ಎಳೆದು ಮುಚ್ಚಬೇಕು, ಮಣ್ಣು ಒಣಗಿ ಬಿರಿಯದಂತೆ ನೀರು ಕೊಡಬೇಕು, ಸಾಧ್ಯವಿದ್ದರೆ ಹುಲ್ಲು ಸೊಪ್ಪಿನ ಹೊದಿಕೆ ಹಾಕಬೇಕು. ತೋಡಲು ಬಾರದ ಹುಳುವಿಗೆ ಇದಕ್ಕಿಂತ ದೊಡ್ಡ ಅಡ್ಡಿ ಇಲ್ಲ. ನೆಡುವ ಬಳ್ಳಿಯನ್ನು ತುದಿಯ ಕುಡಿಯಿಂದಲೇ ತಗೊಳ್ಳಿ, ಸುಮಾರು ಒಂದು ಅಡಿ. ಹುಳು ಮೊಟ್ಟೆ ಇಡುವುದು ಬುಡದ ಹಳೆಯ ಭಾಗದಲ್ಲಿ ಹೆಚ್ಚು. ಕಿತ್ತ ಮೇಲೆ ಉಳಿದ ಗೆಣಸು, ಬುಡ, ಬಳ್ಳಿ ಯಾವುದನ್ನೂ ಹೊಲದಲ್ಲಿ ಬಿಡಬಾರದು. ಗೆಣಸಿನ ಮೇಲೆ ಗೆಣಸು ನೆಡಬಾರದು. ಬದುವಿನ ಮೇಲಿನ, ಗೆಣಸಿನ ಕುಲವೇ ಆದ ಐಪೋಮಿಯಕ್ಕೆ ಸೇರಿದ ಕಾಡುಬಳ್ಳಿಗಳಲ್ಲೂ ಈ ಹುಳು ಬದುಕುತ್ತದೆ, ಅವನ್ನೂ ಕೀಳಬೇಕು. ಬಲಿತ ಗೆಣಸನ್ನು ನೆಲದಲ್ಲೇ ಇಟ್ಟು ಕಾಯುವುದು ಹುಳುವಿಗೆ ಒಂದು ತಲೆಮಾರು ಹೆಚ್ಚಿಗೆ ಕೊಟ್ಟ ಹಾಗೆ.

ಹೆಣ್ಣು ಹುಳು ಗಂಡನ್ನು ಕರೆಯಲು ಬಿಡುವ ವಾಸನೆಯನ್ನು 1986ರಲ್ಲಿ ಗುರುತಿಸಿದರು. ಈಗ ಅದನ್ನು ತಯಾರಿಸಿ ಮೋಹಕ ಬಲೆಗಳಲ್ಲಿ ಬಳಸುತ್ತಾರೆ. ಬಲೆಗೆ ಬೀಳುವುದು ಗಂಡುಗಳು ಮಾತ್ರ. ಹಾಗಾಗಿ ಹುಳು ಬಂದಿದೆಯಾ, ಎಷ್ಟಿದೆ ಅಂತ ತಿಳಿಯಲು ಇದು ಬಹಳ ಒಳ್ಳೆಯದು. ಇದೊಂದರಿಂದಲೇ ಹತೋಟಿ ಮಾಡುತ್ತೇನೆ ಅಂದರೆ ಕಷ್ಟ, ಉಳಿದ ಕೆಲವೇ ಗಂಡುಗಳು ಸಾಕಷ್ಟು ಹೆಣ್ಣುಗಳನ್ನು ಕೂಡಬಲ್ಲವು.

ಹುಳುವನ್ನು ಬೇರುಸಹಿತ ಕಿತ್ತ ಜಾಗವೂ ಒಂದಿದೆ. ಜಪಾನಿನ ಓಕಿನಾವಾ ಪ್ರಾಂತದ ಕುಮೆ ದ್ವೀಪದಲ್ಲಿ, ವಿಕಿರಣದಿಂದ ಸಂತಾನಶಕ್ತಿ ಕಳೆದ ಹುಳುಗಳನ್ನು ಸಾಕಿ ವರ್ಷಗಟ್ಟಲೆ ಬಿಟ್ಟರು. ಅವುಗಳೊಂದಿಗೆ ಕೂಡಿದ ಹೆಣ್ಣುಗಳ ಮೊಟ್ಟೆ ಒಡೆಯಲಿಲ್ಲ. 2013ರಲ್ಲಿ ಆ ದ್ವೀಪದಿಂದ ಸೈಲಸ್ ಫಾರ್ಮಿಕೇರಿಯಸ್ ಪೂರ್ತಿ ಹೋಯಿತು ಅಂತ ಘೋಷಿಸಿದರು. ಸುತ್ತ ಸಮುದ್ರ ಇದ್ದದ್ದರಿಂದ ಹೊರಗಿನ ಹುಳು ಬರುವ ದಾರಿ ಮುಚ್ಚಿತ್ತು. ಬಯಲು ನಾಡಿನಲ್ಲಿ ಅದೇ ಕೆಲಸ ಮಾಡುವುದು ಬಹಳ ಕಷ್ಟ.

ಹೊಸ ತಳಿಯೊಂದು ನಿರೋಧಕ ಅಂತ ಯಾರಾದರೂ ಕೊಟ್ಟರೆ, ಇಡೀ ಹೊಲಕ್ಕೆ ಹಾಕುವ ಮೊದಲು ನೀವೇ ನೋಡಬಹುದು. ಹೊಸದನ್ನು ಮತ್ತು ಈಗ ಬೆಳೆಯುತ್ತಿರುವುದನ್ನು ಒಂದು ಸಾಲು ಬಿಟ್ಟು ಒಂದು ಸಾಲು ನೆಡಿ, ಹೊಲದ ಮೂರು ನಾಲ್ಕು ಕಡೆ. ಒಂದೇ ಮೂಲೆಯಲ್ಲಿ ಬೇಡ, ಹುಳು ಗುಂಪಾಗಿ ಇರುತ್ತದೆ. ಎರಡನ್ನೂ ಒಂದೇ ದಿನ ಕೀಳಿ. ಬರೀ ಹುಳು ಬಿದ್ದ ಗೆಣಸು ಎಣಿಸಿದರೆ ಸಾಲದು, ಎಷ್ಟು ಆಳದಲ್ಲಿತ್ತು ಅಂತಲೂ ಬರೆದುಕೊಳ್ಳಿ. ಆಮೇಲೆ ಎರಡೂ ತಳಿಯ ಚೆನ್ನಾಗಿರುವ ಗೆಣಸನ್ನು ಬೇರೆ ಬೇರೆ ಡಬ್ಬಿಯಲ್ಲಿ ಇಟ್ಟು, ಅಷ್ಟಷ್ಟೇ ಹುಳು ಬಿಟ್ಟು, ಗಾಳಿಯಾಡುವ ಬಟ್ಟೆ ಬಿಗಿದು ಕಟ್ಟಿ. ಎರಡು ದಿನದ ಮೇಲೆ ಹುಳು ತೆಗೆದು, ಕಪ್ಪು ಬಿರಡೆಗಳನ್ನು ಎಣಿಸಿ. ಗೆಣಸನ್ನು ಮತ್ತೆ ಮುಚ್ಚಿಟ್ಟು ಒಂದೂವರೆ ತಿಂಗಳವರೆಗೆ ಹೊರಬರುವ ಹುಳುಗಳನ್ನು ಎಣಿಸುತ್ತಾ ಹೋಗಿ. ಹೊಲದಲ್ಲೂ ಡಬ್ಬಿಯಲ್ಲೂ ಹೊಸ ತಳಿಯದ್ದೇ ಕಡಿಮೆ ಬಂದರೆ ಗುಣ ಗೆಣಸಿನ ಮೈಯಲ್ಲಿದೆ. ಹೊಲದಲ್ಲಿ ಮಾತ್ರ ಕಡಿಮೆ ಬಂದು ಡಬ್ಬಿಯಲ್ಲಿ ಸಮವಾದರೆ ಅದು ತಪ್ಪಿಸಿಕೊಳ್ಳುವ ತಳಿ. ಅದನ್ನೂ ಬೆಳೆಯಬಹುದು, ಆದರೆ ಹೊತ್ತಿಗೆ ಸರಿಯಾಗಿ ಕೀಳಬೇಕು, ಬುಡದ ಬಿರುಕು ಮುಚ್ಚುವುದನ್ನು ಒಂದು ವಾರವೂ ತಪ್ಪಿಸಬಾರದು. ಪರೀಕ್ಷೆ ಮುಗಿದ ಮೇಲೆ ಡಬ್ಬಿಯ ಗೆಣಸನ್ನು ಹುಳು ಸಮೇತ ಸುಟ್ಟುಬಿಡಿ, ತಿಪ್ಪೆಗೆ ಹಾಕಬೇಡಿ.